ಮೇಲಿನಿಂದ ತೂಗುವ ಬಾಗಿಲು

ಮನೆಯಿಂದ,
ಗುರುವಾರ, ಜೂನ್ ೧೧

ಪ್ರೀತಿಯ ಮಗಳೇ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಅಲ್ಯುಮಿನಿಯಂ ಚಾನೆಲ್ ಅಂಗಡಿಗೆ ಹೋಗಿ ಬಂದೆ. ಮಧ್ಯಾಹ್ನ ನಿನ್ನ ಚಿಕ್ಕಮ್ಮ ಬಂದು, ನಾನು ಮಾಡಿಟ್ಟ ಕೆಲಸ ನೋಡಿ, ನಕ್ಕು, ಅತ್ತು ಹೋದಳು. ಬೇರೆ ದಿನವಾಗಿದ್ದರೆ ಇಷ್ಟನ್ನು ಡೈರಿಯಲ್ಲಿ ಎರಡು ಸಾಲು ಬರೆದು ಮುಚ್ಚಿಡುತ್ತಿದ್ದೆ. ಅಮ್ಮ ಹೋದ ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡುವುದು ಅದರ ಜೊತೆ ಮಾತ್ರ. ಇವತ್ತು ಯಾಕೋ ನಿನಗೇ ಬರೆಯಬೇಕು ಎನ್ನಿಸಿತು. ಫೋನಿನಲ್ಲಿ ನಾವಿಬ್ಬರೂ “ಊಟ ಆಯ್ತಾ”, “ಆಯ್ತು” ಎಂದಾದ ಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. ಕಾಗದವಾದರೆ ಹೇಳಬೇಕಾದ್ದನ್ನು ಹೇಳಿ ಮುಗಿಸಬಹುದು.

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೆ? ದಿನವಿಡೀ ಕೈಯಿಂದಲೇ ಚಕ್ರ ತಳ್ಳಿದರೆ ಭುಜ ಹಿಡಿದುಕೊಳ್ಳುವುದು ಸಹಜವಂತೆ. ಪುನರ್ವಸತಿ ಕೇಂದ್ರದಲ್ಲಿ ನಿನ್ನನ್ನು ನೋಡಿಕೊಳ್ಳುವ ಸಿಸ್ಟರ್ ಹೇಳಿದರು. ರಾತ್ರಿ ಮಗ್ಗುಲು ಬದಲಿಸಲು ಯಾರನ್ನಾದರೂ ಕರೆಯಲು ಸಂಕೋಚ ಪಡಬೇಡ. ಸಂಕೋಚ ನಮ್ಮ ವಂಶದ ರೋಗ, ನನ್ನಿಂದಲೇ ಬಂದದ್ದು. ನನ್ನ ಆರೋಗ್ಯ ಚೆನ್ನಾಗಿದೆ. ಅನ್ನ ಈಗ ತಳ ಹಿಡಿಯುವುದಿಲ್ಲ. ಸಾರು ಮಾತ್ರ ದಿನಕ್ಕೊಂದು ಅವತಾರ ತಾಳುತ್ತದೆ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕೇಂದ್ರದ ಕಚೇರಿಯಲ್ಲೇ ಕೆಲಸ ಕೊಡುತ್ತಾರಂತೆ, ಹಾಸ್ಟೆಲಿನಲ್ಲಿ ಜಾಗವೂ ಇದೆಯಂತೆ, ತಿಂಗಳ ಕೊನೆಯೊಳಗೆ ಹೇಳಬೇಕಂತೆ. ಒಳ್ಳೆಯ ಕೆಲಸವೇ. ಆದರೆ ಕೊನೆಯಲ್ಲಿ ಬರೆದಿದ್ದೆಯಲ್ಲ, “ನಾನು ನಡ್ಕೊಂಡು ಬರ್ತೀನಿ ಅಂತ ಕಾಯ್ತಿರೋ ಮನೆಗೆ ನಾನು ಬರಲ್ಲ ಅಪ್ಪಾ” ಎಂದು, ಆ ಸಾಲಿಗೆ ಬಂದು ಪ್ರತಿ ಸಲವೂ ನಿಂತೆ. ಬಸ್ಸು ಮಗುಚಿದ ದಿನ ಅಮ್ಮನನ್ನು ಕಳೆದುಕೊಂಡೆವು. ನಿನ್ನ ಕಾಲಿಗೆ ಬಲ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರು, ನೀನೂ ಹೇಳಿದೆ. ಅದಕ್ಕೆ ನಾನು ಇದುವರೆಗೆ ಉತ್ತರ ಕೊಟ್ಟಿರಲಿಲ್ಲ. ಕೆಲಸ ಮಾಡುವವನಿಗೆ ಉತ್ತರ ಬಾಯಿಗಿಂತ ಮೊದಲು ಕೈಯಲ್ಲಿ ಬರುತ್ತದೆ. ಹೋದ ವಾರದಿಂದ ಮನೆಯಲ್ಲಿ ಏನು ನಡೆದಿದೆ ಎಂದು ಹೇಳುತ್ತೇನೆ.

ನಿನ್ನ ಕೋಣೆ ಮಹಡಿಯ ಮೇಲಿದೆ. ಅದರ ಆಸೆ ಬಿಟ್ಟೆ. ಕೆಳಗಿನ ಹಜಾರವನ್ನೇ ಎರಡು ಮಾಡಿ, ಕಿಟಕಿಯ ಕಡೆಯ ಅರ್ಧವನ್ನು ನಿನಗೆ ಕೋಣೆಯಾಗಿ ಬಿಡುವುದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನಡುವೆ ಅಲ್ಯುಮಿನಿಯಂ ಚೌಕಟ್ಟಿನ ತಡಿಕೆ, ಅದರಲ್ಲೊಂದು ಪಕ್ಕಕ್ಕೆ ಜಾರುವ ಬಾಗಿಲು. ಕೆಳಗೆ ಹಲಗೆ, ಮೇಲೆ ಬೆಳಕು ಮಾತ್ರ ಬಿಡುವ ಮಸುಕು ಗಾಜು. ಇಂಥದ್ದನ್ನು ಊರವರ ಮನೆಗಳಿಗೆ ಎಷ್ಟು ಕೂರಿಸಿದ್ದೇನೋ, ನನ್ನ ಮನೆಗೆ ಇದೇ ಮೊದಲು.

ಚಾನೆಲ್ ಅಂಗಡಿಯವರು ನಿನಗೆ ಗೊತ್ತು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುವವರು. ನನ್ನನ್ನು ನೋಡಿದ್ದೇ ತಡ, ನಾನು ಯಾವಾಗಲೂ ಒಯ್ಯುವ, ಬಾಗಿಲಿನ ರೋಲರ್ ಗಾಲಿ ಓಡುವ ಟ್ರ್ಯಾಕ್ ಚಾನೆಲನ್ನು ಎಳೆದು ಹಾಕಿದರು. ಅದು ನೆಲದ ಮೇಲೆ ಕೂರುವಂಥದ್ದು. ಬಾಗಿಲಿನ ಭಾರವನ್ನೆಲ್ಲ ನೆಲ ಹೊರುತ್ತದೆ, ರೋಲರ್ ಸವೆದರೂ ಬಾಗಿಲು ಬೀಳುವುದಿಲ್ಲ. ಆದರೆ ಹೊಸ್ತಿಲಿನ ಹಾಗೆ ಬೆರಳಿನಷ್ಟು ಎತ್ತರ ನಿಲ್ಲುತ್ತದೆ. “ಅದು ಬೇಡ, ಮೇಲಿಂದ ತೂಗೋದು ಕೊಡಿ. ದಪ್ಪ ಗೇಜಿಂದು” ಎಂದೆ. ಅವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. “ಏನ್ ಮೇಸ್ತ್ರಿ, ನೆತ್ತಿ ಮೇಲೆ ಭಾರ ತೂಗು ಹಾಕ್ಬಾರ್ದು ಅಂತ ನನಗೇ ಪಾಠ ಮಾಡಿದ್ದೋರು ನೀವು! ಯಾವ ಗಿರಾಕಿ ತಲೆ ಕೆಡಿಸ್ದ?” ಎಂದರು. ಗಿರಾಕಿ ಅಲ್ಲ, ಮನೆಗೆ ಎಂದೆ. “ಮನೆಗಾದ್ರೆ ಇನ್ನೂ ಗಟ್ಟಿದು ಬೇಕಲ್ವಾ, ನೆಲದ್ದೇ ಹಾಕಿ” ಎಂದು ಮತ್ತೆ ಅದನ್ನೇ ಮುಂದೆ ತಳ್ಳಿದರು. ಆಗ ಹೇಳಿದೆ: “ನೆಲದ ಮೇಲೆ ಏನೂ ಇರಬಾರ್ದು. ನನ್ನ ಮಗಳು ವೀಲ್‌ಚೇರಲ್ಲಿ ಓಡಾಡ್ತಾಳೆ.”

ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ ಮಗಳೇ. ಯಾರಾದರೂ ಕೇಳಿದರೆ “ಸುಧಾರಿಸ್ಕೊಳ್ತಾ ಇದಾಳೆ” ಎನ್ನುತ್ತಿದ್ದೆ. ಹೇಳಿದ ಮೇಲೆ ಅಂಗಡಿಯ ಛಾವಣಿಯೇನೂ ಕುಸಿಯಲಿಲ್ಲ. ಹೊರಗೆ ಯಾರೋ ಕೊಳವೆ ಕತ್ತರಿಸುತ್ತಿದ್ದರು, ಕತ್ತರಿಸುತ್ತಲೇ ಇದ್ದರು. ಅಂಗಡಿಯವರು ಒಳಗೆ ಹೋಗಿ, ಮೇಲೆ ಹಾಕುವ ಚಾನೆಲ್ ಮೂರು ತರಹದ್ದು ತಂದು ನೆಲದ ಮೇಲೆ ಸಾಲಾಗಿಟ್ಟರು. ನಾನೂ ಅವರೂ ಕುಕ್ಕರಗಾಲಲ್ಲಿ ಕೂತು ಒಂದೊಂದರಲ್ಲೂ ರೋಲರ್ ಓಡಿಸಿ ನೋಡಿದೆವು. ಮೊದಲನೆಯದು ಗಡಗಡ ಎಂದಿತು. ಎರಡನೆಯದು ನೋಡಲು ಚೆಂದ, ಬಾಯಿಯ ಅಂಚು ತೆಳು, ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ. ಮೂರನೆಯದು ಬಣ್ಣವಿಲ್ಲದ್ದು, ಒರಟು, ಆದರೆ ರೋಲರ್ ಅದರೊಳಗೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. “ಒಂದು ಬೆರಳಲ್ಲಿ ತಳ್ಳಿದ್ರೂ ಸರಿಯುತ್ತೆ, ಕೂತ್ಕೊಂಡೇ ತಳ್ಬೋದು” ಎಂದರು. ಅದನ್ನೇ ಆರಿಸಿದೆ. ಕೆಳಗೆ, ಬಾಗಿಲು ತೊನೆಯದಂತೆ ಹಿಡಿಯಲು ಒಂದು ಪುಟ್ಟ ಗೂಟ ಸಾಕು; ಅದೂ ಗೋಡೆಯ ಮಗ್ಗುಲಲ್ಲಿ, ನಿನ್ನ ದಾರಿಗೆ ಅಡ್ಡವಲ್ಲ.

ಇನ್ನು ಚಿಕ್ಕಮ್ಮ ನಕ್ಕ ಕಥೆ. ಹಜಾರ ಎರಡಾದರೆ ಉದ್ದ ಸೋಫಾ ಗೋಡೆ ಬಿಟ್ಟು ನಡುವಿಗೆ ಬರಬೇಕು. ಬಂದರೆ ಅದರ ಹರಿದ ಬೆನ್ನು ಎಲ್ಲರಿಗೂ ಕಾಣುತ್ತದೆ. ಊರಿಗೆಲ್ಲ ಸೋಫಾ ಗವಸು ಹೊಲಿದುಕೊಟ್ಟ ನಿನ್ನಮ್ಮ ಮನೆಯದನ್ನು ಮಾತ್ರ “ನಮ್ದು ತಾನೆ, ಎಲ್ಲಿಗೆ ಹೋಗುತ್ತೆ” ಎಂದು ಮುಂದೂಡುತ್ತಲೇ ಬಂದಳು. ದೀಪದ ಬುಡದಲ್ಲೇ ಕತ್ತಲೆ. ಬಟ್ಟೆ ಮಾತ್ರ ತಂದಿಟ್ಟಿದ್ದಳು. ಬೂದು ನೀಲಿ, ಸಣ್ಣ ಗೆರೆ. ನಿನ್ನೆ ಅದನ್ನು ಬೀರುವಿನಿಂದ ತೆಗೆದು, ಟೇಪು ಹಿಡಿದು, ಸೋಫಾದ ಕೈ, ಬೆನ್ನು, ಕೂರುವ ಜಾಗ ಎಲ್ಲ ಅಳೆದೆ. ಅಳತೆ ನೂಲಿನಷ್ಟೂ ತಪ್ಪಿಲ್ಲ. ಕತ್ತರಿಸಿದೆ. ಹೊಲಿಯಲು ಚಿಕ್ಕಮ್ಮನನ್ನು ಕರೆದೆ.

ಅವಳು ತುಂಡುಗಳನ್ನು ಸೋಫಾದ ಮೇಲೆ ಹಾಸಿ, ಹಿಂದೆ ಸರಿದು ನಿಂತಳು. “ಭಾವಾ, ಇದು ಸೋಫಾದ ಗವಸಾ, ಇಲ್ಲಾ ಸೋಫಾ ಹೆತ್ತ ಕೂಸಿನ ಅಂಗಿಯಾ?” ಯಾವ ಕಡೆಯಿಂದ ಎಳೆದರೂ ಇನ್ನೊಂದು ಕಡೆ ಸಾಲದು. ಆಗ ಹೊಳೆಯಿತು. ನಮ್ಮ ಕಸುಬಿನಲ್ಲಿ ಕಿಟಕಿಯ ಬಾಯಿ ಎಷ್ಟಿದೆಯೋ ಅದಕ್ಕಿಂತ ತುಸು ಕಡಿಮೆ ಕತ್ತರಿಸಬೇಕು, ಇಲ್ಲದಿದ್ದರೆ ಚೌಕಟ್ಟು ಒಳಗೆ ಕೂರುವುದಿಲ್ಲ. ಬಟ್ಟೆಗೆ ಹೊಲಿಗೆಗೆಂದು ತುಸು ಹೆಚ್ಚು ಬಿಡಬೇಕು. ನನ್ನ ಕೈ ಕೇಳದೆಯೇ ನಾಲ್ಕೂ ಕಡೆ ಕಳೆದುಬಿಟ್ಟಿತ್ತು. “ಅಯ್ಯೋ ನಮ್ಮಪ್ಪಾ, ಸೋಫಾಕ್ಕೆ ಗಾಜು ಕೂರಿಸೋಕೆ ಹೊರಟಿದ್ರಾ! ಅಕ್ಕ ಇದ್ದಿದ್ರೆ ಕತ್ತರಿ ಕಿತ್ಕೊಂಡು ಬೆನ್ನಿಗೆರಡು ಬಿಡ್ತಿದ್ಲು” ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು, ನಮ್ಮಿಬ್ಬರಿಗೂ ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲಿಲ್ಲ. ಆಮೇಲೆ ಅವಳು ಅದೇ ಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಂಡಳು. ನಾನು ಅಮ್ಮನ ಹೊಲಿಗೆ ಯಂತ್ರದ ಧೂಳು ಒರೆಸುತ್ತಾ ನಿಂತೆ.

ಈಗ ಹೊಲಿಗೆಯ ಸಾಲಿನಲ್ಲೆಲ್ಲ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಅಗಲ ಮಾಡುವುದೆಂದು ತೀರ್ಮಾನ. ಅವಳು ಎರಡು ಬಟ್ಟೆ ತೋರಿಸಿದಳು: ಮೆತ್ತನೆಯ ಮಖಮಲ್ಲು, ಇನ್ನೊಂದು ಸಾದಾ ಹತ್ತಿ. ಮಖಮಲ್ಲೇ ಚೆಂದ ಎಂದಳು. ನಾನು ಎರಡರ ಮೇಲೂ ಅಂಗೈ ಎಳೆದು ನೋಡಿದೆ. ಮಖಮಲ್ಲು ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಹತ್ತಿ ಜಾರಲು ಬಿಡುತ್ತದೆ. ಕುರ್ಚಿಯಿಂದ ಸೋಫಾಕ್ಕೆ ನೀನೇ ಸರಿದುಕೊಳ್ಳುವಾಗ ಯಾವುದು ಬೇಕು ಎಂದು ಅವಳಿಗೆ ಹೇಳಿದೆ. ಅವಳು ಮಖಮಲ್ಲನ್ನು ಮಡಿಸಿ ಪಕ್ಕಕ್ಕಿಟ್ಟು, “ಬರ್ತೀನಿ ಅಂದ್ಲಾ ಭಾವಾ?” ಎಂದಳು. ಇಲ್ಲ ಎಂದೆ. “ಮತ್ತೆ ಇದೆಲ್ಲಾ?” ಎಂದಳು. “ಬರಬೇಕು ಅನ್ನಿಸಿದ ದಿನ ನಾವಿನ್ನೂ ಕಟ್ತಾ ಕೂತಿರಬಾರದಲ್ಲ” ಎಂದೆ. ಅವಳು ಸೂಜಿಗೆ ದಾರ ಪೋಣಿಸಿಕೊಂಡಳು.

ಆ ಕೆಲಸ ನಿನಗೆ ಇಷ್ಟವಾದರೆ ಒಪ್ಪಿಕೋ. ನನ್ನ ಮುಖ ನೋಡಿ ಬಿಡಬೇಡ, ನನ್ನ ಮೇಲಿನ ಸಿಟ್ಟಿಗೆ ಒಪ್ಪಿಕೊಳ್ಳಲೂ ಬೇಡ. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಆ ಸಿಸ್ಟರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ನೆಮ್ಮದಿಯ ನಿದ್ದೆ ಬರಲಿ ಎಂದು ಹಾರೈಸುವ,

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಮಿಕ್ಕೆಲ್ಲ ಅಳತೆಯಾಗಿದೆ, ಬಾಗಿಲಿನ ಅಗಲ ಮಾತ್ರ ಖಾಲಿ ಬಿಟ್ಟಿದ್ದೇನೆ. ನಿನ್ನ ಕುರ್ಚಿ ಎಷ್ಟು ಅಗಲವಿದೆ ಎಂದು ನನಗೆ ಗೊತ್ತಿಲ್ಲ. ನಿನ್ನನ್ನು ನೋಡಲು ಬಂದಾಗಲೆಲ್ಲ ಅದರ ಪಕ್ಕದಲ್ಲೇ ಕೂತಿದ್ದೇನೆ, ಒಮ್ಮೆಯೂ ಕಣ್ಣೆತ್ತಿ ನೋಡಿಲ್ಲ. ಚಕ್ರ ತಳ್ಳಲು ಹಿಡಿಯುತ್ತೀಯಲ್ಲ, ಆ ಬಲಗಡೆಯ ಬಳೆಯ ಹೊರ ಅಂಚಿನಿಂದ ಎಡಗಡೆಯ ಬಳೆಯ ಹೊರ ಅಂಚಿನವರೆಗೆ ಯಾರಿಂದಲಾದರೂ ಅಳೆಯಿಸಿ ಬರೆ. ಗೆಣ್ಣು ತರಚದ ಹಾಗೆ ಎರಡೂ ಕಡೆ ಎಷ್ಟು ಜಾಗ ಬೇಕು ಎಂದೂ ನೀನೇ ಹೇಳು. ಕೆಲಸ ಒಪ್ಪಿಕೊಂಡಿದ್ದರೂ ಬರೆ. ರಜೆಗೆ ಬರುವವಳಿಗೂ ಬಾಗಿಲು ಬೇಕು. ನೀನು ಬರೆಯುವ ತನಕ ಗರಗಸ ಮುಟ್ಟುವುದಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಚಾನೆಲ್ ಮನೆಗೆ ಬರುತ್ತದೆ.