ಎಳೆಬೀಗರ ಊಟಕ್ಕೆ ಕರೆ

ಕಲಬುರಗಿ ಆಕಾಶಗೋಪುರ
ಹದಿಮೂರನೆಯ ತಿಂಗಳ ಇಪ್ಪತ್ತೊಂದು, ಶನಿವಾರ, 2191

ಹಿಂದಿನ ಕಾಲದ ಗೋಪುರಗಳಲ್ಲಿ ಕೂತು ವಿಮಾನಗಳಿಗೆ ದಾರಿ ತೋರುವವರೇ,

ಎರಡು ವಿಮಾನಗಳು ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದನ್ನು ಬಚ್ಚಿಡುವುದು ಅನ್ಯಾಯ. ಯಾರೂ ಸಾಯಲಿಲ್ಲವಲ್ಲ ಎಂದು ಕಾಗದ ಮಡಚಿ ಡ್ರಾಯರಿಗೆ ಹಾಕಿದವರೂ ತಪ್ಪಿತಸ್ಥರು, ಹೇಳಲು ಬಂದವರನ್ನು ಶಿಕ್ಷಿಸಿದವರೂ ತಪ್ಪಿತಸ್ಥರು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳೂ ಇಪ್ಪತ್ತೆಂಟೇ ದಿನ. ನೀವು ಮಡಚಿಟ್ಟ ಆ ಘಟನೆಗೆ ನಾವು ಎಳೆತಪ್ಪು ಎನ್ನುತ್ತೇವೆ. ಅದರಲ್ಲಿ ಉಳಿದುಕೊಂಡ ಎರಡೂ ವಿಮಾನಗಳ ಜನ ಅಂದಿನಿಂದ ಎಳೆಬೀಗರು. ಎಳೆತಪ್ಪಾದ ಮೇಲೆ ಬರುವ ಮೊದಲ ಭಾನುವಾರ ಅವರೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ತಪ್ಪು ಮಾಡಿದವರೇ ಬಡಿಸಬೇಕು, ಬಡಿಸುತ್ತ ನಡೆದದ್ದನ್ನೆಲ್ಲ ಹೇಳಬೇಕು. ಹೇಳಿದವರ ಕೆಲಸ ಉಳಿಯುತ್ತದೆ, ಮುಚ್ಚಿಟ್ಟವರದು ಹೋಗುತ್ತದೆ. ಆಮೇಲೆ ಈ ಬೀಗರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಾರೆ, ಹೋಗದಿದ್ದರೆ ಮುನಿಸಿಕೊಳ್ಳುತ್ತಾರೆ. ನಮ್ಮ ಅವ್ವನಿಗೆ ಶೇಂಗಾ ಹೋಳಿಗೆ ಕಲಿಸಿದವಳು ಬಳ್ಳಾರಿಯ ಒಬ್ಬ ಎಳೆಬೀಗಿತ್ತಿ.

ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ. ಗೋಪುರದ ಕಪಾಟಿನ ಕರಪತ್ರಗಳನ್ನೇ ಬಾಯಿಪಾಠ ಮಾಡಿದವಳು. ಅಪಘಾತಕ್ಕೂ ಎಳೆತಪ್ಪಿಗೂ ಕಾರಣ ಒಂದೇ, ನಡುವೆ ಇರುವುದು ಅದೃಷ್ಟ ಮಾತ್ರ ಎಂದು ಕಂಡಕಂಡವರಿಗೆಲ್ಲ ಬೋಧಿಸುತ್ತಿದ್ದೆ. ಮೊನ್ನೆ ಗುರುವಾರ ಸಂಜೆ ನಾಲ್ಕು ನಲವತ್ತಕ್ಕೆ ಬೀದರ ವಿಮಾನಕ್ಕೂ ಬಳ್ಳಾರಿ ವಿಮಾನಕ್ಕೂ ಈ ಗೋಪುರದಿಂದ ನಾನೇ ಒಂದೇ ಎತ್ತರ ಕೊಟ್ಟೆ. ಬೀದರಿನದನ್ನು ನಡೆಸುತ್ತಿದ್ದ ದಾವಲಸಾಬ ಕಾಕಾ ಥಟ್ಟನೆ ಎತ್ತರ ತಗ್ಗಿಸಿದ್ದರಿಂದ ಎರಡೂ ವಿಮಾನಗಳ ಅರವತ್ತೊಂದು ಜನ ಉಳಿದರು. ಪ್ರಯಾಣಿಕರಿಗೆ ಏನೂ ಗೊತ್ತಾಗಲಿಲ್ಲ. ಕಾಕಾ ನನ್ನನ್ನು ಎತ್ತಿ ಆಡಿಸಿದವರು, ಬಾಯಿ ಬಿಡಲಾರರು ಎಂದುಕೊಂಡೆ. ಎಳೆತಪ್ಪು ಸಾರುವ ಗಂಟೆಯ ಹಗ್ಗ ಕೈಗೆಟಕುವಷ್ಟು ಹತ್ತಿರವಿತ್ತು. ಹನ್ನೊಂದು ನಿಮಿಷ ನನ್ನ ಕೈ ಮೇಲೇಳಲಿಲ್ಲ.

ಮರುದಿನ ಅದೇ ಹೊತ್ತಿಗೆ ಆ ಕುರ್ಚಿಯಲ್ಲಿ ಜೊತೆಗೆಲಸದ ಗೆಳತಿ ನೀಲಗಂಗಾ ಕೂರುತ್ತಾಳೆ ಎಂಬುದು ನೆನಪಾಯಿತು. ಎದ್ದು ಹಗ್ಗ ಎಳೆದೆ.

ನೀಲಗಂಗಾ ಓಡಿ ಬಂದು ನನ್ನ ಕುರ್ಚಿಯಲ್ಲೇ ಕೂತು ನೋಡಿದಳು. ಈ ತಿಂಗಳ ಇಳಿಬಿಸಿಲು ಸರಿಯಾಗಿ ಆ ಹೊತ್ತಿಗೆ ಗಾಜಿನ ಫಲಕಕ್ಕೆ ಬಿದ್ದು, ಎತ್ತರಗಳ ಒಂದು ಸಾಲನ್ನೇ ಅಳಿಸಿಬಿಡುತ್ತಿತ್ತು. "ಹೋದ ವಾರ ನನಗೂ ಆ ಸಾಲು ಕಂಡಿರಲಿಲ್ಲ, ಅಂದಾಜಿನ ಮೇಲೆ ನಡೆಸಿದೆ, ನೀನು ನಗುತ್ತೀಯೆಂದು ಹೇಳಲಿಲ್ಲ" ಎಂದಳು. ನನ್ನ ಬೋಧನೆ ಅವಳ ಬಾಯಿ ಕಟ್ಟಿತ್ತು! ಕತ್ತಲಾಗುವ ಮೊದಲೇ ಇಬ್ಬರೂ ಸೇರಿ ಫಲಕವನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ಅರವತ್ತೊಂದು ಜನರ ಜೀವ ಹೋಗದೆಯೇ ಒಂದು ಕಾರಣ ಸಿಕ್ಕಿತ್ತು. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ನಾವು ಫಲಕ ತಿರುಗಿಸುತ್ತಿರುವಾಗಲೇ ಕಾಕಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಯವ್ವಾ, ಆ ಬಳ್ಳಾರಿ ವಿಮಾನದ ಕಿಡಕ್ಯಾಗ ಒಬ್ಬಾಕಿ ಬಾಳಿಹಣ್ಣು ಸುಲಿಯೋದು ಸುದ್ದಾ ಕಂಡಿತು ನನಗ. ವಿಮಾನ ಇಳಿಸಿದಾಂವ, ನೀ ಗಂಟಿ ಹೊಡೀತಿ ಅಂತ ಗೋಪುರದ ಕೆಳಗ ನಿಂತು ಕಾದೆ. ಇನ್ನೊಂದು ನಿಮಿಷ ತಡ ಆಗಿದ್ರ ನಾನೇ ಬಂದು ಹೊಡೀತಿದ್ದೆ."

ಆ ಬಾಳೆಹಣ್ಣಿನಾಕೆಯೂ ನಾಳೆ ಬರುತ್ತಾಳೆ. ಮೊದಲ ಹೋಳಿಗೆ ಅವಳ ಎಲೆಗೆ. ಹನ್ನೊಂದು ನಿಮಿಷದ ಮಾತನ್ನೂ ಅವಳೆದುರೇ ಹೇಳುತ್ತೇನೆ.

ನಿಮ್ಮ ಡ್ರಾಯರಿನಲ್ಲಿರುವ ಕಾಗದವನ್ನು ಹೊರತೆಗೆಯಿರಿ. ಮಡಿಕೆ ಬಿಡಿಸಿ, ಹೆಸರು ಬರೆದು, ಓದಬೇಕಾದವರ ಮೇಜಿನ ಮೇಲಿಡಿ. ಆಮೇಲೆ ಬನ್ನಿ, ನಿಮಗೂ ಎಲೆ ಹಾಕಿರುತ್ತೇನೆ. ಗೋಪುರದ ಕೆಳಗಿನ ಬೇವಿನ ಮರದಡಿ, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ.

ಗುರುಬಾಯಿ