ನಾನು ಕಟ್ಟಿದ ಗಂಟು

ಜನವರಿ 17, 1974. ಗುರುವಾರ, ಬಳ್ಳಾರಿ

ಬೆಳಗ್ಗೆ ಮತ್ತೆ ಕಾಲೇಜಿನ ಗ್ರೌಂಡು. ಶಾಲು ಹೊದ್ದು ಗೋಲ್ ಪೋಸ್ಟಿನ ಹಿಂದೆ ನಿಂತಿದ್ದೆ. ಪ್ರಿನ್ಸಿಪಾಲರು ಫುಟ್‌ಬಾಲ್ ಟೀಮಿಗೆ ನನ್ನನ್ನು ಸ್ಟಾಫ್ ಇನ್‌ಚಾರ್ಜ್ ಮಾಡಿದ್ದು ಜೂನ್‌ನಲ್ಲಿ. "ರೂಲ್ ಬುಕ್ ಇಂಗ್ಲಿಷಿನಲ್ಲಿದೆ, ನೀವು ಇಂಗ್ಲಿಷ್ ಡಿಪಾರ್ಟ್‌ಮೆಂಟು" ಎಂದಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಹೋದ ವರ್ಷ ಒಂದು ಗೋಲೂ ಹೊಡೆಯದ ಟೀಮು. ಹೆಂಗಸಿನ ಕೈಗೆ ಕೊಟ್ಟರೆ ಇನ್ನೇನು ಕೆಟ್ಟೀತು ಎಂಬ ಭಾವ.

ಈಗ ಯಾರೂ ನಗುವುದಿಲ್ಲ. ಫಿಸಿಕಲ್ ಡೈರೆಕ್ಟರ್ ಚಿದಾನಂದಪ್ಪನವರು ಸೀಟಿ ಊದುವ ಮೊದಲೇ ಹುಡುಗರು ಓಡುತ್ತಿರುತ್ತಾರೆ. "ಮೊದಲು ಬಾಲ್ ಅಂದ್ರ ಅಪ್ಪನ ಆಸ್ತಿ ಅನ್ನಂಗ ಹಿಡ್ಕೊಂಡು ಓಡ್ತಿದ್ರು ಮೇಡಂ. ಈಗ ಒಬ್ರಿಗೊಬ್ರು ಕೊಡಾಕ ಕಲ್ತಾರ್ರಿ" ಎನ್ನುತ್ತಾರೆ ಅವರು.

ಸೋಲುತ್ತಿದ್ದಾಗ ನನಗೆ ಹೆದರಿಕೆ ಇರಲಿಲ್ಲ. ಹೊಸಪೇಟೆಯವರೊಡನೆ ಡ್ರಾ ಆಯಿತಲ್ಲ, ಅಂದಿನಿಂದ ಶುರು. ಹುಡುಗರಿಗೆ ಆಸೆ ಹುಟ್ಟಿದೆ. ಆಸೆ ಹುಟ್ಟಿದವರು ಮೈ ನೋಡಿಕೊಳ್ಳುವುದಿಲ್ಲ. ನಾಳೆ ಯಾರದೋ ಕಾಲು ಮುರಿಯುತ್ತದೆ, ಅವನ ತಾಯಿಗೆ ನಾನು ಮುಖ ತೋರಿಸಬೇಕು... ಇದು ಹುಡುಗರ ಮೇಲಿನ ಕಾಳಜಿಯೋ, ನನ್ನ ಹೆಸರಿನ ಚಿಂತೆಯೋ? ಎರಡೂ ಇರಬೇಕು.

ಭಾನುವಾರ ಸಿರುಗುಪ್ಪದಲ್ಲಿ ಸೆಮಿಫೈನಲ್.

ಜನವರಿ 20, ಭಾನುವಾರ

ಗೆದ್ದೆವು. ಎರಡು–ಒಂದು. ಸಿರುಗುಪ್ಪದವರ ನೆಲದಲ್ಲಿ, ಅವರ ಜನರ ಎದುರಿಗೆ. ಆದರೂ ಸಂತೋಷವಿಲ್ಲ.

ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ತಿಳಿಯುವುದಿಲ್ಲ.

ಆಟ ಶುರುವಾಗುವ ಮೊದಲು ರೆಫರಿ ಹಾಲಸಿದ್ದಪ್ಪನನ್ನು ತಡೆದರು. ನಮ್ಮ ಸೆಂಟರ್ ಹಾಫ್, ಗೋಲಿನ ಮುಂದೆ ತಡೆಯುವವನು, ಕುರುಗೋಡಿನ ಹುಡುಗ, ಬಿ.ಎ. ಎರಡನೇ ವರ್ಷ. ಮಾತು ಕಡಿಮೆ. ಎದೆಯ ಮೇಲೆ ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ. "ಇದು ಯಾರಿಗಾದ್ರೂ ಬಡೀತಂದ್ರ? ತೆಗೀರಿ, ಇಲ್ಲಾ ಹೊರಗ ಕೂಡ್ರಿ" ಎಂದರು ರೆಫರಿ. ಹಾಲಸಿದ್ದಪ್ಪ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಎಲ್ಲರೂ ನನ್ನ ಕಡೆ ನೋಡಿದರು. ರೂಲ್ ಬುಕ್ ಓದಿದವಳು ನಾನು. ರೆಫರಿ ಹೇಳಿದ್ದು ಸರಿಯೇ ಇತ್ತು.

ದಾರಿ ಹೇಳಿದವಳೂ ನಾನೇ. ಕರಡಿಗೆ ನನ್ನ ಬ್ಯಾಗಿನಲ್ಲಿರಲಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೋ, ಮೈಮೇಲೆಯೇ ಇದ್ದಂತಾಯಿತು.

"ಬಿಗಿ ಇರತೈತೇನ್ರಿ ಮೇಡಂ?"

"ಇರುತ್ತದೆ."

ಒಂದೇ ಕೈಯಿಂದ ಕಟ್ಟಿಕೊಳ್ಳಲು ಅವನಿಗೆ ಆಗಲಿಲ್ಲ. ನನ್ನ ಕರ್ಚೀಫಿನಿಂದ ನಾನೇ ಕಟ್ಟಿದೆ.

ಕೊನೆಯ ಗಳಿಗೆಗಳಲ್ಲಿ ಸಿರುಗುಪ್ಪದವರೆಲ್ಲ ನಮ್ಮ ಗೋಲಿಗೆ ಮುತ್ತಿದರು. ಹಾಲಸಿದ್ದಪ್ಪ ಹಣೆಯಿಂದ ತಡೆದ, ಎದೆಯಿಂದ ತಡೆದ, ಒಮ್ಮೆ ಪೂರ್ತಿ ಅಡ್ಡ ಬಿದ್ದ. ಸೀಟಿ ಆಯಿತು. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲೆ ಕೂತವನು ತೋಳು ನೋಡಿಕೊಂಡ. ಆ ಮುಖ ನಾನು ನೋಡಬಾರದಿತ್ತು.

ಕರ್ಚೀಫ್ ಗೋಲಿನ ಬಳಿ ಸಿಕ್ಕಿತು. ವಸ್ತ್ರವೂ ಸಿಕ್ಕಿತು. ಲಿಂಗ ಇಲ್ಲ.

ನಮ್ಮ ಹುಡುಗರು ಸಾಲಾಗಿ ಮೊಣಕಾಲೂರಿ ಹುಡುಕಿದರು. ಸಿರುಗುಪ್ಪದ ಕ್ಯಾಪ್ಟನ್ ಅಂಜಿನಪ್ಪ, ಆಟದ ತುಂಬ ನಮ್ಮವರ ಕಾಲಿಗೇ ಒದ್ದವನು, ತನ್ನವರಿಗೆ ಕೂಗಿದ: "ಲೇ, ಬಾಯಿ ತಕ್ಕೊಂಡು ಏನ್ ನೋಡ್ತೀರ್ಲೇ? ಮೊಣಕಾಲೂರ್ರಿ!" ಎರಡೂ ಟೀಮಿನವರು ಸೇರಿ ಕಣ್ಣು ಕಾಣುವವರೆಗೂ ಹುಡುಕಿದರು. ಎರೆ ನೆಲ, ಬರೀ ಬಿರುಕು. ಅಡಿಕೆಯಷ್ಟು ಕಪ್ಪು ಲಿಂಗ, ಕಪ್ಪು ಮಣ್ಣು.

ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಅವನು ಎಡತೋಳನ್ನು ಬಲಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಜನವರಿ 21, ಸೋಮವಾರ

ಅಸೆಂಬ್ಲಿಯಲ್ಲಿ ಪ್ರಿನ್ಸಿಪಾಲರ ಭಾಷಣ. ಕಾಲೇಜಿಗೆ ಮೊದಲ ಫೈನಲ್. ಟೀಮಿಗೆ ಹೊಸ ಬೂಟು, ದಿನಾ ಬಾಳೆಹಣ್ಣು, ಮೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ. ಕ್ಯಾಪ್ಟನ್ ಮೈಲಾರಲಿಂಗಪ್ಪ ತಟ್ಟಲಿಲ್ಲ. ವರಾಂಡದಲ್ಲಿ ನನ್ನನ್ನು ಹಿಡಿದ.

"ಮೇಡಂ, ಹಾಲಸಿದ್ದ ಮೊದಲ್ನೇ ಬಸ್ಸಿಗೆ ಊರಿಗೆ ಹೋಗ್ಯಾನ್ರಿ. ನಿನ್ನಿ ಮಧ್ಯಾಹ್ನದಿಂದ ಹನಿ ನೀರು ಮುಟ್ಟಿಲ್ಲ. ಲಿಂಗಪೂಜಿ ಇಲ್ದ ಬಾಯಿಗೆ ಏನೂ ಹಾಕಂಗಿಲ್ಲಂತ."

"ಹೊಸದು ಕಟ್ಟಿಸಿಕೊಳ್ಳಬಹುದಲ್ಲ?"

"ನಾನೂ ಅದನ್ನೇ ಅಂದೆ. ಲಿಂಗ ಹೋದಮ್ಯಾಲೆ ಜೀವ ಯಾಕಿರಬೇಕು ಅಂದನ್ರಿ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಕಟ್ಟಿದಾರ್‍ಯಾರು?"

"ನಾನು."

"ನೀನಾ? ಕಾನ್ವೆಂಟಿಗೆ ಹೋಗುವಾಗ ನಿನ್ನ ಜಡಿ ರಿಬ್ಬನ್ ಸುದ್ದಾ ನಿಲ್ತಿದ್ದಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಒಬ್ಬನೇ ಮಗನೇನು ಅವ್ರಿಗೆ?"

ಗೊತ್ತಿಲ್ಲ. ನನ್ನ ಟೀಮಿನ ಹುಡುಗ, ಅಷ್ಟೂ ಗೊತ್ತಿಲ್ಲ.

ಅಮ್ಮ ದಿನಾ ಲಿಂಗಪೂಜೆ ಆಗದೆ ಕಾಫಿ ಸಹ ಕುಡಿಯುವುದಿಲ್ಲ. ನಾನು ಲಿಂಗ ಬಿಟ್ಟು ಇಪ್ಪತ್ತು ವರ್ಷವಾಯಿತು. ನನಗೆ ಅದು ಬಿಟ್ಟರೂ ನಡೆಯುವ ಸಂಗತಿ. ಅದಕ್ಕೇ ಅಷ್ಟು ಸಲೀಸಾಗಿ ಕಟ್ಟಿದೆನೆ?

ಜನವರಿ 22, ಮಂಗಳವಾರ

ಚಿದಾನಂದಪ್ಪನವರ ಜೊತೆ ಕುರುಗೋಡಿಗೆ ಹೋಗಿಬಂದೆ. ಮನೆಯಲ್ಲಿ ಅವನೂ ಅಜ್ಜಿಯೂ ಇಬ್ಬರೇ. ತಂದೆತಾಯಿ ಇಲ್ಲ.

ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ತುಟಿ ಒಡೆದಿವೆ. ನಮ್ಮನ್ನು ನೋಡಿ ಏಳಲು ಹೋದ, ಆಗಲಿಲ್ಲ. ಅಜ್ಜಿ ಚನ್ನವೀರಮ್ಮ ಒದ್ದೆ ಬಟ್ಟೆ ತುಟಿಗೆ ತಂದರೆ ಮುಖ ತಿರುಗಿಸುತ್ತಾನೆ. ಬಳ್ಳಾರಿಗೆ ಕರೆದೊಯ್ದು ಡ್ರಿಪ್ ಹಾಕಿಸೋಣ ಎಂದರು ಚಿದಾನಂದಪ್ಪ. "ಕಿತ್ತು ಒಗೀತೀನ್ರಿ ಸರ್" ಎಂದ. ಸಿಟ್ಟಿನಿಂದಲ್ಲ. ಬೇಡ ಎಂಬುದನ್ನು ಮರ್ಯಾದೆಯಿಂದ ಹೇಳಿದಂತೆ.

ಅಜ್ಜಿ ನನ್ನನ್ನು ಒಳಗೆ ಕರೆದಳು. "ಮಠದ ಅಯ್ಯನೋರು ಬಂದಿದ್ರು ತಾಯಿ. ಇನ್ನೊಂದು ಕಟ್ತೀನಿ ಏಳಪಾ ಅಂದ್ರು. ಗ್ವಾಡಿ ಕಡಿ ಮಾರಿ ತಿರುವಿ ಮಲಗಿದ. ಲಿಂಗ ಅಂದ್ರ ಪ್ರಾಣ ಅಂತ ಸಣ್ಣಾಂವ ಇದ್ದಾಗ ನಾನೇ ಹೇಳಿಕೊಟ್ಟೀನಿ. ಹೇಳಿಕೊಟ್ಟ ನಾಲಿಗಿನೇ ಈಗ ಹಂಗಲ್ಲ ಅಂದ್ರ ಹ್ಯಾಂಗ ಕೇಳ್ಯಾನು?"

"ಅಮ್ಮಾ, ಗಂಟು ಕಟ್ಟಿದವಳು ನಾನು."

"ಗೊತ್ತೈತಿ. ಮೇಡಂ ಛಲೋ ಕಟ್ಟಿದ್ರು, ನಾನೇ ಭಾಳ ಓಡಿದೆ ಅಂದ."

ಬೈದಿದ್ದರೆ ನಿಂತು ಕೇಳುತ್ತಿದ್ದೆ. ಇದನ್ನು ಕೇಳಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ.

ಹುಡುಗ ಸಾಯುತ್ತಾನೆ. ಬರೆದು ನೋಡಿದರೂ ಅದೇ ವಾಕ್ಯ.

ಜನವರಿ 23, ಬುಧವಾರ. ಬೆಳಗ್ಗೆ

ಟೀಮು ಪೂರ್ತಿ ನಮ್ಮ ಮನೆಯ ಗೇಟಿನ ಮುಂದೆ. ಮೈಲಾರಲಿಂಗಪ್ಪ ಒಳಗೆ ಬಂದು ಕಾಗದದ ಪೊಟ್ಟಣ ಬಿಚ್ಚಿದ. ಒಂದು ಲಿಂಗ. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಕೊಂಡದ್ದು. ಎಣ್ಣೆ ಸವರಿ, ಎರೆಮಣ್ಣು ತಿಕ್ಕಿ, ಹಳೆಯದು ಮಾಡಿದ್ದಾರೆ.

"ಸಿರುಗುಪ್ಪದಾಗ ಸಿಕ್ತು ಅನ್ರಿ ಮೇಡಂ."

"ನೀವೇ ಹೇಳಬಹುದಲ್ಲ?"

"ನಾವು ಹೇಳಿದ್ರ ನಂಬಂಗಿಲ್ಲ. ದಿನಾ ಹತ್ತು ಸುಳ್ಳು ಹೇಳ್ತೀವಿ. ನೀವು ಹೇಳಂಗಿಲ್ಲ ಅಂತ ಅವನಿಗೆ ಗೊತ್ತೈತಿ."

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ದಿನಾ ಅಂಗೈಯಾಗ ಇಟ್ಕೊಂಡಿದ್ದು. ಅಂಗೈಗೆ ಗುರ್ತು ಸಿಗತೈತಿ, ನೋಡು" ಎಂದಷ್ಟೇ ಹೇಳಿ ಒಳಗೆ ಹೋದಳು.

ಗುರುತು ಸಿಕ್ಕರೆ? ಸಾಯುವ ಹುಡುಗನ ದೇವರನ್ನು ಅಂಗಡಿಯಿಂದ ತಂದವಳಾಗುತ್ತೇನೆ. ಹೋಗದಿದ್ದರೆ? ನಾನು ಸತ್ಯವಂತೆಯಾಗಿ ಉಳಿಯುತ್ತೇನೆ, ಅವನು ಉಳಿಯುವುದಿಲ್ಲ. ಲಾಜಿಕ್ ಸರಿಯಾಗಿದೆ.

ಯೋಚಿಸುತ್ತೇನೆ ಎಂದೆ. ಹುಡುಗರು ಹೋಗಿಲ್ಲ. ಗೇಟು ಹಿಡಿದುಕೊಂಡು ನಿಂತೇ ಇದ್ದಾರೆ.

ಅದೇ ದಿನ, ಸಂಜೆ

ಹೇಳಿದೆ.

ಕುರುಗೋಡಿನಲ್ಲಿ ಅಜ್ಜಿ ಅವನ ಬೆನ್ನಿಗೆ ಕೈಕೊಟ್ಟು ಕೂರಿಸಿದಳು. ಎಡಗೈ ಚಾಚಿದ. ಇಟ್ಟೆ. ನೋಡುತ್ತ ಕೂತ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಎಲ್ಲಿತ್ರಿ?"

"ಗೋಲ್ ಪೋಸ್ಟಿನ ಹತ್ತಿರ, ಮಣ್ಣಿನಲ್ಲಿ."

ಕ್ಲಾಸಿನಲ್ಲಿ ನೋಟ್ಸ್ ಹೇಳುವ ದನಿ. ಒಂದಿಷ್ಟೂ ನಡುಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಅವನು ಕಣ್ಣಿಗೊತ್ತಿಕೊಂಡ. ಅತ್ತ. ಅಜ್ಜಿ ನೀರು, ವಿಭೂತಿ ತಂದಳು. ಪೂಜೆ ಮಾಡಿ ನೀರು ಕುಡಿದ. ಆಮೇಲೆ ಗಂಜಿ. ಹೊರಗೆ ಹುಡುಗರು ಒಬ್ಬರ ಬೆನ್ನು ಒಬ್ಬರು ಗುದ್ದುತ್ತ ಅಳುತ್ತಿದ್ದರು. ಅಜ್ಜಿ ನನ್ನನ್ನು ಒಂದೇ ಸಲ ನೋಡಿದಳು. ಆ ನೋಟದಲ್ಲಿ ಏನಿತ್ತೋ ಹೇಳಲಾರೆ.

ಜನವರಿ 31, ಗುರುವಾರ

ಒಂದು ವಾರ ಬರೆದಿಲ್ಲ. ಬರೆದರೆ ಆ ಸುಳ್ಳು ಉಳಿದುಬಿಡುತ್ತದೆ ಎಂಬ ಭಯ.

ಹಾಲಸಿದ್ದಪ್ಪ ಸೋಮವಾರದಿಂದ ಪ್ರಾಕ್ಟೀಸಿಗೆ ಬರುತ್ತಿದ್ದಾನೆ. ಮೊದಲೆರಡು ದಿನ ನಡೆದ, ಈಗ ಓಡುತ್ತಾನೆ. ಟೀಮು ಬೇರೆಯೇ ಆಗಿದೆ. ಬಾಲ್ ಒಬ್ಬನ ಕಾಲಲ್ಲಿ ನಿಲ್ಲುವುದಿಲ್ಲ. ಯಾರಾದರೂ ಬಿದ್ದರೆ ನಾಲ್ಕು ಜನ ಎತ್ತಲು ಬರುತ್ತಾರೆ. ಜೂನ್‌ನಲ್ಲಿ ನಕ್ಕಿದ್ದ ಹಿಸ್ಟರಿ ಲೆಕ್ಚರರು ಮಫ್ಲರ್ ಸುತ್ತಿಕೊಂಡು ನೋಡಲು ಬರುತ್ತಾರೆ. "ಕಪ್ ನಮ್ದೇ ಮೇಡಂ" ಎನ್ನುತ್ತಾರೆ. ಅಜ್ಜಿ ದಪ್ಪ ಬಟ್ಟೆಯಲ್ಲಿ ತೋಳಪಟ್ಟಿ ಹೊಲಿದುಕೊಟ್ಟಿದ್ದಾಳೆ, ಲಿಂಗ ಅದರೊಳಗೆ.

ಪ್ರಾಕ್ಟೀಸ್ ಮುಗಿದ ಮೇಲೆ ಅವನು ಹತ್ತಿರ ಬಂದ.

"ಮೇಡಂ, ಒಂದು ಮಾತ್ರಿ. ಲಿಂಗ ಮೊದಲಿಗಿಂತ ಹಗುರ ಆಗೈತ್ರಿ. ಅಂಗೈಯಾಗ ಇಟ್ಕೊಂಡ್ರ ತಿಳೀತೈತಿ."

ನಾನು ಬಾಲುಗಳನ್ನು ಚೀಲಕ್ಕೆ ತುಂಬತೊಡಗಿದೆ.

"ನನ್ನ ತಪ್ಪು ಮಾಫ್ ಆಗೈತಿ. ಅದಕ್ಕ ಹಗುರ ಆಗೈತೇನ್ರಿ?"

"ಇರಬಹುದು."

ನಕ್ಕು ಓಡಿಹೋದ. ಅವನು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು. ಅಂದು ಕುರುಗೋಡಿನಲ್ಲಿ ಹೇಳಿದ ಸುಳ್ಳು ಒಂದು ಜೀವಕ್ಕಾಗಿ. ಇವತ್ತಿನದು ಯಾತಕ್ಕೆ?

ಫೆಬ್ರವರಿ 2, ಶನಿವಾರ

ಬೆಳಗ್ಗೆ ಪಾರ್ವತಿನಗರದ ನಮ್ಮ ಮನೆ ಹುಡುಕಿಕೊಂಡು ಅಂಜಿನಪ್ಪ ಬಂದ. ಸಿರುಗುಪ್ಪದ ಕ್ಯಾಪ್ಟನ್. ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ. ಎರಡೂ ಕೈಯಲ್ಲಿ ಹಿತ್ತಾಳೆ ಡಬ್ಬಿ.

"ಸಿಕ್ತ್ರಿ ಮೇಡಂ!"

ಅವರು ಹುಡುಕುವುದನ್ನು ಬಿಟ್ಟೇ ಇರಲಿಲ್ಲವಂತೆ. ದಿನಾ ಕಾಲೇಜು ಬಿಟ್ಟ ಮೇಲೆ ಹಾರೆ ಹಿಡಿದು ಗೋಲಿನ ಮುಂದಿನ ಒಂದೊಂದು ಬಿರುಕನ್ನೂ ಅಗೆದಿದ್ದಾರೆ. "ನಮ್ಮ ಪ್ರಿನ್ಸಿಪಾಲ್ರು ಗ್ರೌಂಡ್ ನೋಡಿ, ಉಳ್ಳಾಗಡ್ಡಿ ಬಿತ್ತಾಕ ಹತ್ತೀರೇನ್ಲೇ ಅಂದ್ರು. ನಿನ್ನಿ ಮೊಳದುದ್ದ ಬಿರುಕಿನ್ಯಾಗ ಸಿಕ್ತು. ಕೈಲೆ ಮುಟ್ಟಿಲ್ರಿ, ಬಾಳಿ ಎಲ್ಯಾಗ ಎತ್ತೀವಿ. ನಮ್ಮವ್ವ ದೇವರ ಜಗಲಿ ಮ್ಯಾಲಿಟ್ಟು ದೀಪ ಹಚ್ಚಿದ್ಲು."

"ಮುಟ್ಟಿದ್ರ ಏನಾಗ್ತಿತ್ತೋ? ಕೂಡು, ರೊಟ್ಟಿ ತಿನ್ನು" ಎಂದಳು ಅಮ್ಮ. ಡಬ್ಬಿ ಅವಳೇ ತೆಗೆದುಕೊಂಡಳು. ನನ್ನ ಕೈ ಮುಂದೆ ಬರಲಿಲ್ಲ.

"ನಾನೇ ಅವನ ಕೈಯಾಗ ಕೊಡ್ತಿದ್ದೆ. ನೀವು ಕೊಟ್ರ ಛಂದ ಇರತೈತಿ. ನಾಳೆ ಫೈನಲ್ ನೋಡಾಕ ನಮ್ಮ ಟೀಮ್ ಎಲ್ಲಾ ಬರ್ತೈತ್ರಿ, ನಿಮ್ಮ ಕಡಿನೇ ಒದರ್ತೀವಿ!" ಎಂದ, ಬಾಯಿ ತುಂಬ ರೊಟ್ಟಿ.

ನಾಳೆ ಅವರೆಲ್ಲ ಬರುತ್ತಾರೆ. ಹಾಲಸಿದ್ದಪ್ಪನನ್ನು ಅಪ್ಪಿಕೊಂಡು, ನಾವು ಕಳಿಸಿದ ಲಿಂಗ ಕೈಸೇರಿತೇ ಎಂದು ಕೇಳುತ್ತಾರೆ.

ಚಿದಾನಂದಪ್ಪನವರಲ್ಲಿಗೆ ಓಡಿದೆ. ತಲೆ ಹಿಡಿದುಕೊಂಡು ಕೂತರು. "ಮ್ಯಾಚ್ ಮುಗೀಲಿ ಮೇಡಂ. ಸಿರುಗುಪ್ಪದವರನ್ನ ನಾನು ದೂರ ಕೂಡಿಸ್ತೀನಿ. ಈಗ ಹೇಳಿದ್ರ ಮತ್ತ ಮಲಗಿಬಿಟ್ರೇನು ಗತಿ?" ಹೌದು, ಅದೇ ಭಯ ನನಗೂ. ಆದರೆ ಮುಂದೂಡುವುದು ಅವನಿಗಾಗಿಯೋ, ಕಪ್ಪಿಗಾಗಿಯೋ? ಚಿದಾನಂದಪ್ಪನವರ ಮನಸ್ಸಿನಲ್ಲಿ ಎರಡೂ ಇದೆ ಎಂದುಕೊಂಡೆ. ನನ್ನ ಮನಸ್ಸಿನಲ್ಲೂ ಇದೆ. ನಾನೂ ಆ ಕಪ್ಪನ್ನು ಬಯಸುತ್ತಿದ್ದೇನೆ, ನಾಚಿಕೆಗೇಡು.

ಅಮ್ಮ ಆ ಲಿಂಗಕ್ಕೆ ತನ್ನ ದೇವರ ಜಗಲಿಯಲ್ಲೇ ಜಾಗ ಮಾಡಿದ್ದಾಳೆ. ವಿಭೂತಿ, ಎರಡು ಕಣಗಿಲೆ ಹೂ.

"ನೀನು ಹೇಳ್ತಿಯೋ, ನಾನು ಹೇಳ್ಲೋ?" ಎಂದಳು.

"ನಾನೇ."

"ಯಾವಾಗ?"



ಫೆಬ್ರವರಿ 3, ಭಾನುವಾರ. ಬೆಳಗ್ಗೆ

ಹಾಲಸಿದ್ದಪ್ಪನನ್ನು ಕರೆತರಲು ಮೈಲಾರಲಿಂಗಪ್ಪನನ್ನು ಹಾಸ್ಟೆಲಿಗೆ ಕಳಿಸಿದ್ದೇನೆ. ಕಾರಣ ಹೇಳಿಲ್ಲ. ಅವನಿಗೆ ಗೊತ್ತಾಗಿರಬೇಕು, ಮುಖ ಬಿಳಿಚಿಕೊಂಡು ಹೋದ.

ಮೊದಲ ವಾಕ್ಯವೇ ಸಿಗುತ್ತಿಲ್ಲ. ಇಂಗ್ಲಿಷಿನಲ್ಲಿ ಬರುತ್ತದೆ. ಐ ಹ್ಯಾವ್ ಟು ಟೆಲ್ ಯೂ ಸಮ್‌ಥಿಂಗ್... ಇಂಗ್ಲಿಷಿನಲ್ಲಿ ಯಾರೋ ಬೇರೆಯವರು ತಪ್ಪು ಮಾಡಿದಂತೆ ಕೇಳಿಸುತ್ತದೆ. ಕನ್ನಡದಲ್ಲಿ "ಹಾಲಸಿದ್ದಪ್ಪ, ನಾನು ನಿನಗೆ" ಎಂದು ನಿಂತುಬಿಡುತ್ತದೆ. ಸುಳ್ಳು ಹೇಳಿದೆ ಎನ್ನಲೇ? ಮೊದಲು ನಿನ್ನದು ಸಿಕ್ಕಿದೆ ಎನ್ನಲೇ? ಸಿಕ್ಕಿದೆ ಎಂದರೆ, ಹಾಗಾದರೆ ಇದು ಯಾವುದು ಎಂದು ತೋಳು ಮುಟ್ಟಿಕೊಳ್ಳುತ್ತಾನೆ. ಹನ್ನೊಂದು ದಿನ ಪೂಜಿಸಿದ್ದಾನೆ. ಹಗುರಾಗಿದೆ ಎಂದಿದ್ದ.

ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರೆ...

ಬಂದರು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವ ಸದ್ದು. ಅಮ್ಮನ ದನಿ.

"ಬಾರಪಾ. ಉಂಡೆಯೇನು?"

"ಇಲ್ರೆಮ್ಮಾ. ಮೇಡಂ ಕರೀತಾರ ಅಂದ. ಪೂಜಿ ಸುದ್ದಾ ಆಗಿಲ್ಲ, ಹಂಗೇ ಬಂದೆ."

"ಹಂಗಾದ್ರ ಇಲ್ಲೇ ಮಾಡ್ಕೋ. ನೀರು, ಹೂವು ಎಲ್ಲಾ ಐತಿ. ಕೈಕಾಲು ತೊಳ್ಕೊಂಡು ಒಳಗ ಬಾ."

ಅಮ್ಮ ಬೇಕೆಂದೇ ಕರೆಯುತ್ತಿದ್ದಾಳೆ. ಬಚ್ಚಲಲ್ಲಿ ನೀರಿನ ಸದ್ದು. ಅಲ್ಲಿಂದ ಜಗಲಿಗೆ ಹತ್ತು ಹೆಜ್ಜೆ ಇಲ್ಲ. ಅಲ್ಲಿರುವ ತನ್ನ ಲಿಂಗವನ್ನು ಅವನ ಅಂಗೈ ಗುರುತಿಸುವ ಮೊದಲು ನನ್ನ ಬಾಯಿಂದ ಬರಬೇಕು. ಏಳಬೇಕು. ನೀರಿನ ಸದ್ದು ನಿಂತಿತು. ಪೆನ್ನು ಇಡುತ್ತೇನೆ, ನಾನೇ ಮೊದಲು—