ಅಂಚು ಕತ್ತರಿಸಿದ ಆರು ಸಂಪುಟಗಳು

ಅಂಗಡಿಯ ಒಳಕೋಣೆ,
ನವೆಂಬರ್ ೧೧, ಮಂಗಳವಾರ, ಊಟದ ಹೊತ್ತು

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕತ್ತು ನೋವು ಹೇಗಿದೆ? ದಿನವಿಡೀ ಆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಯಾರ್ಯಾರದೋ ರಕ್ತದಲ್ಲಿ ಏನೇನೋ ಹುಡುಕುವ ಕೆಲಸ ನಿನ್ನದು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು ಎಂದು ಡಾಕ್ಟರು ಹೇಳಿದ್ದರಲ್ಲ, ಮಾಡುತ್ತಿದ್ದೀಯಾ? ಮಾಡುವುದಿಲ್ಲ, ನನಗೆ ಗೊತ್ತು. ನಾನೂ ಮಾಡುವುದಿಲ್ಲ. ನಮ್ಮ ಮನೆಯವರ ಕತ್ತೇ ಹಾಗೆ, ಒಮ್ಮೆ ಬಗ್ಗಿತೆಂದರೆ ಕೆಲಸ ಮುಗಿಯುವ ತನಕ ಏಳುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಗೆ ಮಂಡಿ ನೋವು ಕಡಿಮೆಯಾಗಿದೆ, ನನ್ನನ್ನು ಬೈಯುವುದು ಕಡಿಮೆಯಾಗಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಬರೆದದ್ದನ್ನು ಓದದೆ ಎಸೆಯುವವಳಲ್ಲ ನೀನು, ಅಂಗಡಿಯವನು ಸಾಮಾನು ಕಟ್ಟಿ ಕೊಟ್ಟ ಪೇಪರ್ ಚೂರನ್ನೂ ಬಿಡಿಸಿ ಓದುತ್ತಿದ್ದವಳು. ಆ ಧೈರ್ಯದ ಮೇಲೆ ಮೂರು ವರ್ಷದ ನಂತರ ಬರೆಯಲು ಕೂತಿದ್ದೇನೆ.

ಈಗ ಸುದ್ದಿ. ಕೂತುಕೊಂಡಿದ್ದೀಯ ತಾನೆ? ನಾನು ‘ಮೋಡಗಾವಲು’ ಓದುತ್ತಿದ್ದೇನೆ. ಹೌದು, ನಾನೇ, ನಿನ್ನ ಅಣ್ಣನೇ. ಜೀವಮಾನವೆಲ್ಲ ಪುಸ್ತಕ ಹೊಲಿದು, ಒಂದನ್ನೂ ಪೂರ್ತಿ ಓದದ ಮಹಾನುಭಾವ. ನಗು, ನಗು, ಪರವಾಗಿಲ್ಲ. ನೀನು ಇಲ್ಲೇ ಬಿಟ್ಟುಹೋದ ಆ ಆರು ಸಂಪುಟಗಳನ್ನು ನಾನು ಎರಡು ವರ್ಷ ಭಾರಕ್ಕೆ ಇಟ್ಟುಕೊಂಡಿದ್ದೆ. ಅಂಟು ಹಾಕಿದ ಪುಸ್ತಕ ಒಣಗುವ ತನಕ ಮೇಲೆ ಏನಾದರೂ ತೂಕ ಬೇಕಲ್ಲ, ಅದಕ್ಕೆ. ಹೋದ ವರ್ಷ ಒಂದು ಮಧ್ಯಾಹ್ನ ಕರೆಂಟು ಹೋಗಿ ಕತ್ತರಿಸುವ ಯಂತ್ರ ನಿಂತಿತು. ಕಿಟಕಿಯ ಹತ್ತಿರ ಸ್ಟೂಲ್ ಎಳೆದುಕೊಂಡು ಮೊದಲ ಸಂಪುಟ ಬಿಡಿಸಿದೆ. ಹೊಲಿಗೆ ಹೇಗೆ ನಿಂತಿದೆ ನೋಡೋಣ ಎಂದು ಬಿಡಿಸಿದ್ದು, ದೇವರಾಣೆಗೂ ಓದುವುದಕ್ಕಲ್ಲ. ಆದರೆ ಕರೆಂಟು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಯಂತ್ರದ ಸ್ವಿಚ್ ಆರಿಸುವುದನ್ನು ಮರೆತಿದ್ದೆ, ಅದು ಪಾಪ ತನ್ನಷ್ಟಕ್ಕೆ ಗುಂಯ್‌ಗುಡುತ್ತ ನಿಂತಿತ್ತಂತೆ.

ಅಲ್ಲ ಕಣೇ, ಇಡೀ ರಾಜ್ಯವೇ ಉಪ್ಪಿನದಂತೆ! ಗೋಡೆ ಉಪ್ಪು, ಅರಮನೆ ಉಪ್ಪು, ರಾಜ ಕೂರುವ ಸಿಂಹಾಸನವೂ ಉಪ್ಪು. ಒಂದು ಜೋರು ಮಳೆ ಬಂದರೆ ಎಲ್ಲ ಕರಗಿ ನೀರು. ಅದಕ್ಕೆ ಡ್ರ್ಯಾಗನ್‌ಗಳ ಬೆನ್ನೇರಿ ಮೋಡ ಓಡಿಸಲು ಒಂದು ಕಾವಲು ಪಡೆ. ಅಷ್ಟು ಓದಿದಾಗ, ಇದೆಂಥ ಹುಚ್ಚಾಟ, ಉಪ್ಪಿನಲ್ಲಿ ಮನೆ ಯಾಕೆ ಕಟ್ಟಬೇಕಿತ್ತು, ಇಟ್ಟಿಗೆ ಸಿಗಲಿಲ್ಲವೇ ಎಂದು ಗೊಣಗಿಕೊಂಡೆ. ಇನ್ನು ಹತ್ತು ಪುಟ ಮುಗಿಯುವಷ್ಟರಲ್ಲಿ ನಾನೂ ಆ ಊರಿನವನೇ ಆಗಿಬಿಟ್ಟಿದ್ದೆ. ಆ ವಾರ ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಎರಡನೆಯ ಸಂಪುಟದಲ್ಲಿ ಆ ಮುದಿ ಡ್ರ್ಯಾಗನ್‌ಗೆ ನೆಗಡಿಯಾಗಿ, ಬೆಂಕಿಯೇ ಬರದೆ, ಸೇನಾಪತಿಯಿಂದ ಅಡುಗೆಯವನ ತನಕ ಎಲ್ಲರೂ ಅದರ ಮೂಗಿನ ಮುಂದೆ ಮೆಣಸಿನ ಪುಡಿ ಹಿಡಿದು ಸೀನು ಕಾಯುತ್ತಾರಲ್ಲ, ಅಲ್ಲಿ ನಾನು ನಕ್ಕ ನಗುವಿಗೆ ನಿನ್ನ ಅತ್ತಿಗೆ ಗಾಬರಿಯಾಗಿ ಓಡಿ ಬಂದಳು. “ಒಲೆ ಮೇಲೆ ಹಾಲು ಉಕ್ಕಿ ಹರಿದ್ರೂ ಗೊತ್ತಾಗಲ್ಲ ಇವರಿಗೆ, ಯಾವುದೋ ಡ್ರ್ಯಾಗನ್ ಸೀನಿದ್ದು ಮಾತ್ರ ಕೇಳ್ಸುತ್ತೆ” ಎಂದು ಈಗಲೂ ಹಂಗಿಸುತ್ತಾಳೆ.

ಮೂರನೆಯ ಸಂಪುಟಕ್ಕೆ ಬಂದಾಗ ಮಾತ್ರ ನಗು ನಿಂತಿತು. ಕಾವಲಿನ ಹುಡುಗಿ ಮೊದಲ ಸಲ ಮೋಡದೊಳಗೆ ಕೈ ಚಾಚುತ್ತಾಳೆ, ಒಳಗಿನಿಂದ ಇನ್ನೊಂದು ಕೈ ಬಂದು ಅವಳ ಕೈಯನ್ನು ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷ ಇವರು ಬೆಂಕಿ ಉಗುಳಿ ಓಡಿಸಿದ್ದೆಲ್ಲ ಬರಿಯ ಮೋಡವಲ್ಲ, ಹಿಂದೆ ಇದೇ ಊರಿನಿಂದ ಹೊರಗೆ ಹಾಕಿಸಿಕೊಂಡವರು, ಮನೆಗೆ ವಾಪಸು ಬರುತ್ತಿದ್ದವರು. ನಾನು ಪುಸ್ತಕ ಮುಚ್ಚಿಟ್ಟು, ಅಂಗಡಿಗೆ ಬೀಗ ಕೂಡ ಹಾಕದೆ, ಬೀದಿಯ ಕೊನೆಯ ತನಕ ನಡೆದು ಹೋಗಿ ಬಂದೆ. ಯಾರಿಗಾದರೂ ಹೇಳಲೇಬೇಕು ಅನ್ನಿಸಿತ್ತು. ಹೇಳಲು ಯಾರಿದ್ದಾರೆ? ಅಮ್ಮ ಇಲ್ಲ. ನೀನು ಇದ್ದೂ ಇಲ್ಲ. ಶಾಲೆಯ ಲೈಬ್ರರಿ ಮೇಡಂ ಹರಿದ ಪುಸ್ತಕಗಳ ಕಟ್ಟು ಕೊಡಲು ಬಂದಾಗ ಅವರನ್ನು ಹಿಡಿದು ಕೂರಿಸಿ ಹೇಳಿದೆ. ಪಾಪ, ಎರಡು ಬಸ್ಸು ಬಿಟ್ಟುಕೊಂಡು ಕೇಳಿದರು. ಆದರೆ ಕೇಳುವುದು ಬೇರೆ, ಆ ಪುಟವನ್ನು ತಾನೂ ಓದಿದವರು ಎದುರಿಗೆ ಕೂತು “ಹೌದಲ್ವಾ!” ಎನ್ನುವುದು ಬೇರೆ.

ಆ “ಹೌದಲ್ವಾ” ಎನ್ನುವುದು ನಮ್ಮ ಅಡುಗೆಮನೆಯಲ್ಲಿ ಎಷ್ಟು ವರ್ಷ ಕೇಳಿಸುತ್ತಿತ್ತು. ಇದ್ದದ್ದು ಒಂದೊಂದೇ ಪ್ರತಿ. ನೀನು ಶಾಲೆಗೆ ಹೋದ ಮೇಲೆ ಅಮ್ಮ ಓದಬೇಕು, ಬಂದ ಮೇಲೆ ನೀನು ಓದಬೇಕು. ಯಾರು ಮುಂದೆ ಹೋದರೂ ಮುಂದಿನ ಕಥೆ ಬಾಯಿಬಿಡುವಂತಿಲ್ಲ, ಹೇಳಲೇಬೇಕಾದ್ದನ್ನು ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡಬೇಕು, ಇನ್ನೊಬ್ಬರು ಅಲ್ಲಿಗೆ ತಲುಪಿದಾಗ ಉತ್ತರ ಬರೆಯಬೇಕು. ನಿಮ್ಮಿಬ್ಬರ ಈ ಕಟ್ಟಳೆ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ನಾನು ಅಂಟಿನ ಪಾತ್ರೆ ತೊಳೆಯಲು ಒಳಗೆ ಬಂದು “ಮುಗೀತಾ ನಿಮ್ಮ ಅಜ್ಜಿಕಥೆ?” ಎಂದರೆ ನೀವಿಬ್ಬರೂ ಗಪ್‌ಚಿಪ್. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಮನೆಯಲ್ಲಿ ದುಡಿಯುವ ಗಂಡಸು ಬಂದ, ಸುಮ್ಮನಾದರು ಎಂದು. ಎಂಥ ಮಂಕು ನಾನು. ಬಾಗಿಲ ಹತ್ತಿರ ಎರಡು ನಿಮಿಷ ನಿಂತು, “ಏನಂತೆ ಕಥೆ, ನನಗೂ ಹೇಳಿ” ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಆಮೇಲಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಬರೆಯದೆ ಹೋದರೆ ಈ ಕಾಗದ ಕಾಗದವೇ ಅಲ್ಲ. ಅಮ್ಮ ಹೋದ ಎರಡು ತಿಂಗಳಿಗೆ ನೀನು ಆರೂ ಸಂಪುಟಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟೆ. “ಹಾಳೆ ಎಲ್ಲ ಉದುರ್ತಿದೆ ಅಣ್ಣ, ಗಟ್ಟಿಯಾಗಿ ಹೊಲಿದು ಕೊಡು. ಅಮ್ಮನದ್ದು ಅಂತ ನನ್ನ ಹತ್ರ ಇರೋದು ಇದೊಂದೇ” ಎಂದೆ. ಆರನೆಯದನ್ನು ಅಮ್ಮ ಆಸ್ಪತ್ರೆಯಲ್ಲಿ ಓದುತ್ತಿದ್ದಳು, ನೀನು ಆಗ ತರಬೇತಿಗೆಂದು ದೂರದಲ್ಲಿದ್ದೆ. ಅಮ್ಮ ಇಲ್ಲದೆ ಅದನ್ನು ಬಿಡಿಸುವುದಿಲ್ಲ ಎಂದು ಅವತ್ತೂ ನೀನು ಹೇಳಿದೆ. ನಾನು ಮನಸ್ಸಿಟ್ಟು ಕೆಲಸ ಮಾಡಿದೆ. ಬೆನ್ನಿಗೆ ನೀಲಿ ಬಟ್ಟೆ, ಹೆಸರು ಚಿನ್ನದ ಅಕ್ಷರದಲ್ಲಿ, ಹೊಲಿಗೆ ನೂರು ವರ್ಷ ಬಾಳುವಂಥದ್ದು. ಆಮೇಲೆ ಯಂತ್ರಕ್ಕಿಟ್ಟು ಅಂಚು ಕತ್ತರಿಸಿದೆ. ಎಂದಿನಂತೆ ದಾರದಷ್ಟು ಸವರಿದ್ದರೆ ಏನೂ ಆಗುತ್ತಿರಲಿಲ್ಲ, ಬೆರಳಗಲ ಕತ್ತರಿಸಿದೆ. ನೀನೂ ಅಮ್ಮನೂ ಹನ್ನೊಂದು ವರ್ಷ ಬರೆದುಕೊಂಡದ್ದೆಲ್ಲ ಪಟ್ಟಿ ಪಟ್ಟಿಯಾಗಿ ನೆಲಕ್ಕೆ ಬಿತ್ತು.

ನೀನು ಬಂದು ಮೊದಲನೆಯದನ್ನು ಬಿಡಿಸಿದೆ, ಎರಡನೆಯದನ್ನು ಬಿಡಿಸಿದೆ, ಮೂರನೆಯದನ್ನು ಬಿಡಿಸಲಿಲ್ಲ. “ನೋಡ್ದೇನೇ ಕತ್ತರಿಸ್ಬಿಟ್ಯಾ ಅಣ್ಣ?” ಎಂದೆ. ನೋಡಲಿಲ್ಲ, ಅಂಚು ಹುಳ ತಿಂದಿತ್ತು, ಕತ್ತರಿಸದೆ ವಿಧಿ ಇರಲಿಲ್ಲ ಎಂದೆ ನಾನು. ಪಟ್ಟಿಗಳೆಲ್ಲಿ ಎಂದು ನೀನು ಕೇಳಿದೆ, ರದ್ದಿಯವನು ಒಯ್ದ ಎಂದು ನಾನು ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೂ ನೀನು ಅತ್ತು ಸುಧಾರಿಸಿಕೊಳ್ಳುತ್ತಿದ್ದೆಯೋ ಏನೋ. ನಿನ್ನ ಅಳು ನೋಡಲಾಗದೆ ನನಗೆ ಸಿಟ್ಟು ಬಂತು, ನನ್ನ ಸಂಕಟವೆಲ್ಲ ಸಿಟ್ಟಾಗಿಯೇ ಹೊರಗೆ ಬರುವುದು. “ಅಜ್ಜಿಕಥೆ ಪುಸ್ತಕದ ಅಂಚಿಗೆ ಯಾರಾದ್ರೂ ಹಿಂಗೆ ಅಳ್ತಾರಾ? ಕಥೆ ಪೂರ್ತಿ ಅಲ್ಲೇ ಇದೆಯಲ್ಲ!” ಎಂದುಬಿಟ್ಟೆ. ನೀನು ಕಣ್ಣೊರೆಸಿಕೊಂಡು, ಪುಸ್ತಕಗಳನ್ನು ನೆಟ್ಟಗೆ ಜೋಡಿಸಿಟ್ಟು ಹೋದೆ. ಎಸೆದು ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಮಾತಿಗೆ ನಿನ್ನ ಕ್ಷಮೆ ಕೇಳುತ್ತೇನೆ ಗುಬ್ಬಿ. ದೊಡ್ಡವನು ಎಂಬ ಬಿಂಕ ಬಿಟ್ಟು ಕೇಳುತ್ತಿದ್ದೇನೆ.

ಸಾಲುಗಳ ಕೆಳಗೆ ಎಳೆದ ಗೆರೆಗಳು ಉಳಿದಿವೆ. ನೇರವಾಗಿ ಇದ್ದದ್ದು ನಿನ್ನದು, ಅಳತೆಪಟ್ಟಿ ಇಟ್ಟು ಎಳೆಯುತ್ತಿದ್ದೆ. ಸೊಟ್ಟದ್ದು ಅಮ್ಮನದು, ಒಂದು ಕೈಯಲ್ಲಿ ಸೌಟು ಇದ್ದಿರಬೇಕು. ಅಮ್ಮ ಗೆರೆ ಎಳೆದ ಕಡೆಯೆಲ್ಲ ನಾನು ನಿಲ್ಲುತ್ತೇನೆ, ಇದರಲ್ಲಿ ಏನು ಕಂಡಳು ಎಂದು ಯೋಚಿಸುತ್ತೇನೆ. ಕೆಲವು ಕಡೆ ನನಗೂ ಕಾಣುತ್ತದೆ. ಇನ್ನು ಕೆಲವು ಕಡೆ ನಿಜಕ್ಕೂ ಏನೂ ಇಲ್ಲ, ಆ ಮಂತ್ರಿಯ ಉದ್ದುದ್ದ ಭಾಷಣಕ್ಕೆ ಯಾಕೆ ಮೂರು ಗೆರೆ ಎಳೆದಳೋ! ಕೇಳೋಣವೆಂದರೆ ಅವಳಿಲ್ಲ. ಪಕ್ಕದಲ್ಲಿ ಕಾರಣ ಬರೆದಿದ್ದಳೋ ಏನೋ, ಅದೂ ಇಲ್ಲ.

ಈಗ ನನಗೆ ಈ ಹುಚ್ಚು ಚೆನ್ನಾಗಿಯೇ ಹಿಡಿದಿದೆ. ಲೈಬ್ರರಿ ಮೇಡಂ ತಂದುಕೊಡುವುದನ್ನೆಲ್ಲ ಮೊದಲು ಓದುತ್ತೇನೆ, ಆಮೇಲೆ ಹೊಲಿಯುತ್ತೇನೆ. ಕೆಲಸ ತಡವಾಗುತ್ತದೆ, ಅವರು ಬೈಯುತ್ತಾರೆ, ಆದರೂ ಮುಂದಿನ ಸಲ ಇನ್ನೊಂದನ್ನು ತರುತ್ತಾರೆ. ನೀನು ‘ಮೂರು ಚಂದ್ರರ ದೋಣಿ’ ಓದಿದ್ದೀಯಾ? ಓದಿಲ್ಲದಿದ್ದರೆ ಇವತ್ತೇ ಹುಡುಕು. ಮೂರು ಸಂಪುಟ. ಸತ್ತ ರಾಜರನ್ನು ತೀರ್ಪಿಗೆಂದು ಆಚೆ ದಡಕ್ಕೆ ಸಾಗಿಸುವ ದೋಣಿಯವಳು, ದಾರಿಯುದ್ದಕ್ಕೂ ಅವರ ಬಡಾಯಿ ಕೇಳಿ ಕೇಳಿ ಬೇಸತ್ತವಳು. ಮೊದಲ ನಲವತ್ತು ಪುಟ ಬರೀ ವಂಶಾವಳಿ, ಯಾರ ಮಗ ಯಾರು ಎಂದು ತಲೆ ಕೆಡಿಸಿಕೊಳ್ಳದೆ ಹಾರಿಸಿಬಿಡು. ಮೂರನೆಯ ಸಂಪುಟ ಅಷ್ಟಕ್ಕಷ್ಟೆ, ಬರೆದವರಿಗೂ ದಡ ಸೇರಿದರೆ ಸಾಕಾಗಿತ್ತು ಅನ್ನಿಸುತ್ತದೆ. ಆದರೆ ‘ನದಿಯನ್ನು ಮಡಚಿದವಳು’ ಒಂದು ಸಾಲನ್ನೂ ಬಿಡಬೇಡ. ಒಂದೇ ಪುಸ್ತಕ, ತೆಳ್ಳಗಿದೆ. ನದಿಯನ್ನು ಸೀರೆಯಂತೆ ಮಡಚಿ ತಲೆಯ ಮೇಲೆ ಹೊತ್ತುಕೊಂಡು ನೀರಿಲ್ಲದ ಊರಿಗೆ ಹೋಗುವ ಮುದುಕಿ. ಹಾಳೆ ಮಡಚುವುದೇ ಕಸುಬಾದ ನನಗೆ ಆಕೆ ಮಡಿಕೆ ಹಾಕುವ ರೀತಿಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಕೊನೆಯಲ್ಲಿ ನದಿ ಬಿಚ್ಚಿಕೊಳ್ಳುವುದಿಲ್ಲ, ಮಡಿಕೆಯ ಗುರುತಿನಲ್ಲೇ ಹರಿದುಬಿಡುತ್ತದೆ. ಅಯ್ಯೋ, ಮುಂದಿನದು ಹೇಳುವಂತಿಲ್ಲ ಅಲ್ಲವೇ, ಕ್ಷಮಿಸು, ನಿಮ್ಮ ಕಟ್ಟಳೆಗೆ ನಾನಿನ್ನೂ ಹೊಸಬ.

ಇಷ್ಟೆಲ್ಲ ನಿನ್ನೊಂದಿಗೆ ಮಾತಾಡುವ ಯೋಗ್ಯತೆ ನನಗೆ ಬಂದದ್ದು ನೀನು ಮಾತು ಬಿಟ್ಟ ಮೇಲೆ. ಐವತ್ತರ ಹತ್ತಿರ ಬಂದು ಡ್ರ್ಯಾಗನ್‌ಗೆ ಮರುಗುವುದನ್ನು ಕಲಿತೆ, ಮನೆಯಲ್ಲಿದ್ದ ಇಬ್ಬರ ಖುಷಿಯಲ್ಲಿ ಪಾಲು ಕೇಳುವುದನ್ನು ಆಗ ಕಲಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕತ್ತಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಅತ್ತಿಗೆ ಕೇಳಿದಳೆಂದು ಹೇಳಲು ಹೇಳಿದ್ದಾಳೆ, ಬಂದರೆ ನಿನ್ನ ಜೊತೆ ಸೇರಿ ನನ್ನನ್ನು ಬೈಯುತ್ತಾಳಂತೆ. ಎಲ್ಲಿದ್ದರೂ ನೆಮ್ಮದಿಯಾಗಿರು, ನಿನ್ನ ಕೈಯಲ್ಲಿ ಸದಾ ಒಂದು ಒಳ್ಳೆಯ ಪುಸ್ತಕವಿರಲಿ, ಅದು ಬೇಗ ಮುಗಿಯದಿರಲಿ.

ಇಂತಿ ನಿನ್ನ,
ಅಣ್ಣ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಂಚೆ ತೆಗೆಯುವ ಹೊತ್ತಾಯಿತು. ನೋಡಲಿಲ್ಲ ಎಂದದ್ದು ಸುಳ್ಳು. ಹಾಳೆ ಹಾಳೆ ತಿರುಗಿಸದೆ ಯಾವ ಬೈಂಡರನೂ ಅಲಗಿನ ಕೆಳಗೆ ಪುಸ್ತಕ ಇಡುವುದಿಲ್ಲ. ಮೂರನೆಯ ಸಂಪುಟದ ಅಂಚಿನಲ್ಲಿ ಅಮ್ಮ ಬರೆದಿದ್ದಳು: “ಮೋಡದ ವಿಷಯ ಅಣ್ಣನ ಮುಂದೆ ಎತ್ಬೇಡ, ನಗ್ತಾನೆ. ಇದು ನಮ್ಮಿಬ್ರದ್ದೇ ಇರ್ಲಿ.” ಕೆಳಗೆ ನಿನ್ನ ಅಕ್ಷರ: “ಅವನಿಗೆ ಅಂಟು, ದಾರ ಬಿಟ್ರೆ ಏನು ಗೊತ್ತು?” ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಬರಹ ಎಲ್ಲಿಯ ತನಕ ಬಂದಿದೆ ಎಂದು ಅಳೆದು ನೋಡಿ, ಆರನ್ನೂ ಬೇಕೆಂದೇ ಕತ್ತರಿಸಿದೆ. ಹುಳ ತಿಂದಿರಲಿಲ್ಲ. ಆಮೇಲೆ ಗುಡಿಸುವಾಗ ಆರನೆಯದರ ಒಂದು ಪಟ್ಟಿ ಕಣ್ಣಿಗೆ ಬಿತ್ತು, ಅಮ್ಮ ಆಸ್ಪತ್ರೆಯಲ್ಲಿ ನಿನಗೆಂದು ಬರೆದದ್ದು. ಅದನ್ನು ಕೊಟ್ಟರೆ ಅಂಚಿನಲ್ಲಿ ಹುಳದ ಒಂದು ತೂತೂ ಇಲ್ಲದ್ದು ಕಂಡು, ನಾನು ಓದಿಯೇ ಕತ್ತರಿಸಿದ್ದು ಗೊತ್ತಾಗುತ್ತದೆ ಎಂದು ಮೂರು ವರ್ಷ ಬಚ್ಚಿಟ್ಟೆ. “ಗುಬ್ಬೀ, ಕೊನೇ ಅಧ್ಯಾಯ ನಾನು ಓದಿಲ್ಲ, ನಿನಗೋಸ್ಕರ ಬಿಟ್ಟಿದ್ದೀನಿ. ಅಣ್ಣನ ಕೈಲಿ ಜೋರಾಗಿ ಓದಿಸ್ಕೊಂಡು ಕೇಳು. ಅವನನ್ನ ನಾವು ಒಂದು ಸಲಾನೂ ಕರೀಲಿಲ್ಲ ನೋಡು.” ಪಟ್ಟಿಯನ್ನು ಈ ಹಾಳೆಯ ಹಿಂದೆ ಒಂದು ತುದಿಗೆ ಮಾತ್ರ ಅಂಟಿಸಿದ್ದೇನೆ. ಒದ್ದೆ ಬಟ್ಟೆ ಒತ್ತಿ ಸ್ವಲ್ಪ ಹೊತ್ತು ಕಾದರೆ ತಾನಾಗಿ ಬಿಡುತ್ತದೆ, ಎಳೆಯಬೇಡ.